ಮುಖ ತೊಳ್ಕೊಂಡು ಬರ್ತೀನಿ

ನಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಬಿಟ್ಟು ಹೋಗುವ ನರ್ಸುಗಳೆಲ್ಲ ಹೇಳಿ ಹೋಗುತ್ತಿದ್ದದ್ದು ಒಂದೇ ಮಾತು. "ಸ್ವಲ್ಪ ಹಿಡ್ಕೊ, ಮುಖ ತೊಳ್ಕೊಂಡು ಬರ್ತೀನಿ." ವಾರ್ಡಿನ ತುದಿಯಲ್ಲಿ ಬಚ್ಚಲುಮನೆ, ಬಚ್ಚಲುಮನೆಗೊಂದು ಹಿಂಬಾಗಿಲು, ಹಿಂಬಾಗಿಲಿನಾಚೆ ಬಸ್ಸು ನಿಲ್ಲುವ ರಸ್ತೆ. ಆ ಬಚ್ಚಲಿನ ನಲ್ಲಿಯಲ್ಲಿ ನೀರು ಬಂದು ಯಾವ ಕಾಲವಾಗಿತ್ತೋ, ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಮುಖ ತೊಳೆಯಲು ಹೊರಟವಳಿಗೂ ಅದು ಗೊತ್ತು, ಹೂಂ ಅನ್ನುವವಳಿಗೂ ಗೊತ್ತು. ಆದರೂ ಹೂಂ ಅನ್ನುತ್ತಿದ್ದೆವು. ಬಚ್ಚಲಿಗೆ ಹೋಗಿ ಸುಮ್ಮನೆ ಗೋಡೆಗೊರಗಿ ನಿಂತು, ಒಂದಿಷ್ಟು ಉಸಿರಾಡಿ ವಾಪಸ್ಸು ಬರುವವರೂ ಇದ್ದರಲ್ಲ. ಹೋದವಳು ಯಾವ ಪೈಕಿ ಎಂಬುದು ಬಸ್ಸು ಹೊರಟ ಮೇಲೆ ತಿಳಿಯುತ್ತಿತ್ತು.

ಬೇರೆ ಊರುಗಳಲ್ಲಿ ಕಾಯಿಲೆಯವರು ಹಾಸಿಗೆ ಹಿಡಿಯುತ್ತಾರಂತೆ. ನಮ್ಮೂರಿನಲ್ಲಿ ಹಾಸಿಗೆ ಬಿಡುತ್ತಾರೆ. ಕಾಯಿಲೆ ಏರಿದಂತೆ ಮೈ ಹಗುರಾಗಿ ಮೇಲೆ ಏಳುತ್ತದೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಯಾರಾದರೂ ಕೈ ಹಿಡಿದು ಕೂತರೆ ನಿಲ್ಲುತ್ತಾರೆ, ಬಿಟ್ಟರೆ ಹೋಗುತ್ತಾರೆ. ಮಾಳಿಗೆಗೆ ಬೆನ್ನು ತಾಗಿಸಿದವರು ಮತ್ತೆ ಇಳಿದು ಬಂದದ್ದನ್ನು ಯಾರೂ ನೋಡಿಲ್ಲ. ಮನೆಯವರು ಹಿಡಿದರೆ ಆಗುವುದಿಲ್ಲ, ದುಃಖಕ್ಕೆ ಅವರೂ ಹಗುರಾಗಿ ಜೊತೆಗೆ ಏಳುತ್ತಾರೆ. ಅದಕ್ಕೇ ಪರರ ಕೈ ಬೇಕು, ಅದಕ್ಕೇ ನಾವು.

ಹಿಂದೆ ಒಬ್ಬೊಬ್ಬ ರೋಗಿಗೆ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ನರ್ಸು ಕೂರುತ್ತಿದ್ದರು ಎಂದು ವಯಸ್ಸಾದ ಸಿಸ್ಟರುಗಳು ಹೇಳುತ್ತಿದ್ದರು. ನಾವು ಕಿರಿಯರು ಅದನ್ನು ಅಜ್ಜಿಕಥೆಯ ಹಾಗೆ ಕೇಳಿಸಿಕೊಂಡು ನಗುತ್ತಿದ್ದೆವು. ನಾವು ಸೇರುವ ಹೊತ್ತಿಗೆ ರೋಗಿಗೊಬ್ಬಳಾಗಿತ್ತು. ನಿವೃತ್ತಿಯಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಆದೇಶ ಬರುತ್ತಿದೆ, ಬರುತ್ತಿದೆ ಅನ್ನುತ್ತಿದ್ದರು. ಆದೇಶ ಬರುವ ಬದಲು ಹಗ್ಗ ಬಂತು. ದೊಡ್ಡ ಡಾಕ್ಟರು ವೃಷಭೇಂದ್ರಯ್ಯನವರ ಯೋಜನೆ ಅದು. ರೋಗಿಯ ಸೊಂಟಕ್ಕೆ ಹಗ್ಗ ಸುತ್ತಿ ಮಂಚದ ಕಾಲಿಗೆ ಕಟ್ಟುವುದು. ಹಗ್ಗ ತಡೆಯುತ್ತದೆ, ನಿಜ, ಆದರೆ ಇಳಿಸುವುದಿಲ್ಲ. ಕಟ್ಟಿಸಿಕೊಂಡವರು ಹಾಸಿಗೆಯಿಂದ ಮೊಳದೆತ್ತರದಲ್ಲಿ ತಿಂಗಳುಗಟ್ಟಲೆ ತೇಲುತ್ತಿದ್ದರು. ಅವರಲ್ಲಿ ದರ್ಜಿ ಖಾಸಿಮಣ್ಣನೂ ಒಬ್ಬ. ತನ್ನ ಹಗ್ಗ ಸವೆದಲ್ಲೆಲ್ಲ ತೇಲುತ್ತಲೇ ಸೂಜಿ ದಾರ ಹಿಡಿದು ಹೊಲಿದುಕೊಳ್ಳುತ್ತಿದ್ದ. "ಸರ್ಕಾರದ್ದು ಹಗ್ಗ, ದಾರ ನಂದು" ಅನ್ನುತ್ತಿದ್ದ.

ನನ್ನ ಹೆಸರು ವನಮಾಲಾ. ಆ ದಿನ ವಾರ್ಡಿನಲ್ಲಿ ಹಗ್ಗ ಕಟ್ಟಲಾಗದ ರೋಗಿ ಒಬ್ಬಳೇ ಇದ್ದಳು, ಸಂತೆಯಲ್ಲಿ ಈರುಳ್ಳಿ ಮಾರುವ ಸಾಕಮ್ಮ. ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಹೊಲಿಗೆ ಹಸಿಯಾಗಿತ್ತು, ಸೊಂಟಕ್ಕೆ ಹಗ್ಗ ಸುತ್ತುವಂತಿರಲಿಲ್ಲ. ಜ್ವರವೂ ಬಂದು ಅವಳು ಗಾಳಿಗೆ ಒಣಗಿದ ಸಿಪ್ಪೆಯಷ್ಟು ಹಗುರಾಗಿದ್ದಳು. ಹೊರಗೆ ಜಗಲಿಯಲ್ಲಿ ಅವಳ ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗು ಅತ್ತಾಗಲೆಲ್ಲ ಸಾಕಮ್ಮ ಒಂದು ಬೆರಳಿನಷ್ಟು ಮೇಲೇಳುತ್ತಿದ್ದಳು. ಬೆಳಗಿನ ಪಾಳಿಯಲ್ಲಿ ಅವಳ ಬಲಗೈ ಹಿಡಿದು ಕೂತವಳು ನಾನು. ಮಧ್ಯಾಹ್ನ ಬೆನೆಡಿಕ್ಟಾ ಬಂದು ನನ್ನನ್ನು ಬಿಡಿಸಬೇಕಿತ್ತು. ಆಸ್ಪತ್ರೆಗೆ ಉಳಿದಿದ್ದ ನರ್ಸುಗಳು ನಾವಿಬ್ಬರೇ. ನನಗೆ ನಿದ್ದೆ ಬಂದಾಗ ಅವಳು, ಅವಳಿಗೆ ನಿದ್ದೆ ಬಂದಾಗ ನಾನು.

ಇನ್ನು ಮುಚ್ಚುಮರೆ ಯಾಕೆ, ಆ ಸಂಜೆಯ ಬಸ್ಸಿಗೆ ನಾನು ಹೊರಟಿದ್ದೆ. ಗುಡ್ಡದಾಚೆಯ ಊರಿನ ಆಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂದಿತ್ತು. ಅಲ್ಲಿ ರೋಗಿಗಳು ಅಕ್ಕಿಮೂಟೆಯ ಹಾಗೆ ಹಾಸಿಗೆಯಲ್ಲೇ ಮಲಗಿರುತ್ತಾರಂತೆ. ಸೂಜಿ ಚುಚ್ಚಿ, ಗುಳಿಗೆ ಕೊಟ್ಟು, ಕೈ ಬೀಸಿಕೊಂಡು ಮನೆಗೆ ಹೋಗಬಹುದಂತೆ. ಕೈ ಬೀಸಿಕೊಂಡು ಅನ್ನುವ ಆ ಒಂದು ಮಾತಿಗೇ ನಾನು ಸೋತಿದ್ದೆ. ಮಗಳನ್ನು ಹಿಂದಿನ ದಿನವೇ ತಂಗಿಯ ಜೊತೆ ಗುಡ್ಡದಾಚೆಗೆ ಕಳಿಸಿದ್ದೆ. ಬಟ್ಟೆಯ ಚೀಲವನ್ನು ಬಚ್ಚಲಿನ ಹಳೇ ಡ್ರಮ್ಮಿನ ಹಿಂದೆ ಅಡಗಿಸಿಟ್ಟಿದ್ದೆ. ನರ್ಸುಗಳು ಕಾಣೆಯಾಗತೊಡಗಿದ ಮೇಲೆ, ಚೀಲ ಹಿಡಿದ ನರ್ಸನ್ನು ಹೊರಗೆ ಬಿಡಬಾರದೆಂದು ಮುಂದಿನ ಗೇಟಿನಲ್ಲಿ ಕಾವಲಿಟ್ಟಿದ್ದರು. ಬಚ್ಚಲಿಗೊಂದು ಹಿಂಬಾಗಿಲಿದೆ ಎಂಬುದು ಮಾತ್ರ ದೊಡ್ಡ ಡಾಕ್ಟರಿಗೆ ಗೊತ್ತಿರಲಿಲ್ಲ. ಅವರು ಆ ಕಡೆ ಬಂದವರೇ ಅಲ್ಲ.

ಹೇಳಿ ಹೋಗಬಾರದಿತ್ತೇ ಎಂದು ಕೇಳಬಹುದು. ಚಂದ್ರಮತಿ ಎಂಬವಳು ಹೇಳಿ ಹೋಗಲು ನೋಡಿದ್ದಳು. ನಮ್ಮಲ್ಲಿ ಕೈ ಒಪ್ಪಿಸುವ ಒಂದು ರೀತಿ ಇದೆ. ಬಂದವಳು ತನ್ನ ಅಂಗೈಯನ್ನು ರೋಗಿಯ ಕೈಯೊಳಗೆ ತೂರಿಸಬೇಕು. ಹೋಗುವವಳು "ಬಂತಾ?" ಅನ್ನಬೇಕು. ಭಾರ ಪೂರ್ತಿ ತನ್ನ ಕೈಗೆ ಸಿಕ್ಕ ಮೇಲೆ ಬಂದವಳು "ಬಂತು" ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ಯಾರೂ ಬಿಡುವಂತಿಲ್ಲ. ಬಿಟ್ಟರೆ ಅದು ಕೊಲೆಯೇ. ಚಂದ್ರಮತಿ ಪಾಪ, "ನಾಳೆಯಿಂದ ನಾನು ಬರೋದಿಲ್ಲ ಕಣೇ, ಬಂತಾ?" ಅಂದಳು. ಎದುರಿದ್ದವಳು ಬಿಸಿ ಮುಟ್ಟಿದ ಹಾಗೆ ಕೈ ಎಳೆದುಕೊಂಡಳು. ಆಮೇಲೆ ಯಾರೂ ಆ ಮಂಚದ ಹತ್ತಿರ ಸುಳಿಯಲಿಲ್ಲ. ಕೊನೆಯ ಕೈ ಆಗಲು ಯಾರಿಗೆ ಧೈರ್ಯ? ಚಂದ್ರಮತಿ ಕೂತಲ್ಲೇ ಉಂಡು, ಕೂತಲ್ಲೇ ತೂಕಡಿಸಿ, ಆ ರೋಗಿ ತೀರಿಕೊಂಡ ಮೇಲೆ ಎದ್ದಳು. ಅವತ್ತಿನಿಂದ ಎಲ್ಲರೂ ಮುಖ ತೊಳೆಯಲೇ ಹೋಗುವುದು.

ಬೆನೆಡಿಕ್ಟಾ ಬಂದಾಗ ಹೊತ್ತು ಇಳಿದಿತ್ತು. ತೋಳಿನ ಮೇಲೆ ಒಗೆಯಬೇಕಾದ ಹಾಸುಗಳ ದೊಡ್ಡ ಗಂಟು ಇತ್ತು. ಅದನ್ನು ಬಚ್ಚಲಿನ ಬಾಗಿಲಲ್ಲಿ ಇಳಿಸಿ, ಬಂದು ಸಾಕಮ್ಮನ ಎಡಗೈ ಹಿಡಿದುಕೊಂಡಳು. ಸಿಕ್ಕಿತು, ಇನ್ನೊಂದು ಮಾತು, ಮುಗಿಯಿತು ಅಂದುಕೊಂಡೆ.

"ಬಂತಾ?" ಅಂದೆ.

"ಬಂತಾ?" ಅಂದಳು ಅವಳೂ, ಅದೇ ಗಳಿಗೆಯಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳೇ ಮೊದಲು ನಕ್ಕಳು. "ನೀನು ಇನ್ನೊಂದು ಗಳಿಗೆ ಹಿಡ್ಕೊಂಡಿರು ವನಮಾಲಾ. ಬಿಸಿಲಲ್ಲಿ ಬಂದೆ. ಮುಖ ತೊಳ್ಕೊಂಡು ಬರ್ತೀನಿ."

ನನ್ನ ಬಾಯಲ್ಲಿ ಸಿದ್ಧವಾಗಿದ್ದ ಮಾತು ಅದು. ಅವಳ ಬಾಯಿಂದ ಬಂದುಬಿಟ್ಟಿತ್ತು. ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ವಾರ್ಡಿನಲ್ಲಿ ನಾವು ಬರಿಗಾಲಲ್ಲಿರುತ್ತೇವೆ, ನೆಲ ಕಚ್ಚಿ ನಿಲ್ಲಲು ಅದೇ ಸರಿ. ಬೆನೆಡಿಕ್ಟಾ ಪಟ್ಟಿ ಬಿಗಿದ ಚಪ್ಪಲಿ ಹಾಕಿದ್ದಳು, ದೂರ ನಡೆಯುವವರು ಹಾಕುವಂಥದ್ದು. ನಾನು ಅವಳ ಕಾಲು ನೋಡುವುದನ್ನು ನೋಡಿ ಅವಳು ನನ್ನ ಕಾಲು ನೋಡಿದಳು. ನನ್ನ ಕಾಲಲ್ಲೂ ಚಪ್ಪಲಿ ಇತ್ತು.

"ಆ ಹಾಸಿನ ಗಂಟಲ್ಲಿ ಏನಿದೆ?" ಅಂದೆ.

"ಡ್ರಮ್ಮಿನ ಹಿಂದೆ ಇರೋ ಚೀಲ ಯಾರದು?" ಅಂದಳು.

ಇಬ್ಬರಿಗೂ ಉತ್ತರ ಬೇಕಿರಲಿಲ್ಲ. ಒಬ್ಬಳು ಇನ್ನೊಬ್ಬಳ ತಲೆಯ ಮೇಲೆ ಹಾಕಿ ಓಡೋಣವೆಂದು ಇಬ್ಬರೂ ಒಂದೇ ದಿನ ಹೊರಟಿದ್ದೆವು. ಅವಳು ಸಾಕಮ್ಮನ ಕೈ ಮುಟ್ಟದೆ ದಾಟಿ ಹೋಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕಾದು ಕೂತವಳ ಮುಂದೆ ಬರಿಗೈಯಲ್ಲಿ ಹಾದುಹೋಗುವ ರೂಢಿ ನಮ್ಮಲ್ಲಿಲ್ಲ. ಓಡಿಹೋಗುವ ದಿನವೂ ಅವಳ ಕೈ ತನ್ನಷ್ಟಕ್ಕೆ ಚಾಚಿಬಿಟ್ಟಿತ್ತು. ಈಗ ಅವಳು "ಬಂತು" ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ಮೊದಲು ಅಂದವಳು ಉಳಿಯುತ್ತಾಳೆ. ಹೇಳದೇ ಬಿಡೋಣವೆಂದರೆ, ಇನ್ನೊಬ್ಬಳೂ ಅದೇ ಗಳಿಗೆಯಲ್ಲಿ ಬಿಟ್ಟರೆ?

ಹಿಂದಿನ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಡ್ರೈವರು ಚಹಾ ಕುಡಿಯುವಷ್ಟು ಹೊತ್ತು ಅದು ನಿಲ್ಲುತ್ತದೆ, ಆತ ನಿಧಾನಕ್ಕೆ ಕುಡಿಯುವವನು.

"ನೋಡು," ಅಂದಳು ಬೆನೆಡಿಕ್ಟಾ, ದನಿ ತಗ್ಗಿಸಿ. "ಹೋದ ತಿಂಗಳು ಮೂಲೆ ಮಂಚದ ಹೆಂಗಸು ಹೋದಳಲ್ಲ. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಪಕ್ಕದ ಮಂಚದ ಮುದುಕಿ. ಇಬ್ಬರಲ್ಲಿ ಒಬ್ಬಳು ಜಾರಿದಳು. ಅವಳ ಗಂಡ ಜಗಲಿಯಲ್ಲಿ ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದ. ನೀನೂ ಇದ್ದೆ."

"ಇದ್ದೆ."

"ಬೇಡ ಅಂತ ಯಾರೂ ಅನ್ನಲಿಲ್ಲ. ದೊಡ್ಡ ಡಾಕ್ಟರು ನನ್ನ ಕೈಲೇ ಅವನಿಗೆ ತಪ್ಪಾಯ್ತು ಅನ್ನಿಸಿದರು. ಸೇವಾ ಮನೋಭಾವ ಇರಬೇಕು ಅಂದರು. ಇನ್ನೊಬ್ಬಳು ನನ್ನ ಕೈಲಿ ಹೋಗೋದು ಬೇಡ ವನಮಾಲಾ. ಬಂತು ಅನ್ನು."

ನನಗೆ ಅವಳ ಮೇಲೆ ಕನಿಕರ ಬಂತು. ಸಿಟ್ಟೂ ಬಂತು. ಅವಳ ಕಾರಣ ನನ್ನದಕ್ಕಿಂತ ದೊಡ್ಡದಾಗಿಬಿಟ್ಟರೆ ನಾನು ಉಳಿಯಬೇಕಾಗುತ್ತದಲ್ಲ, ಆ ಸಿಟ್ಟು.

"ನನ್ನ ಮಗಳು ನನ್ನ ಪಕ್ಕ ಮಲಗೋದು ಬಿಟ್ಟಿದ್ದಾಳೆ," ಅಂದೆ. "ನಿದ್ದೇಲಿ ಅವಳ ಮಣಿಕಟ್ಟು ಹಿಡ್ಕೊಂಡುಬಿಡ್ತೀನಂತೆ. ಬೆಳಗ್ಗೆ ಎದ್ದರೆ ಕೈ ತುಂಬ ನೀಲಿ ಗುರುತು. ಅಮ್ಮಾ, ನಾನು ಹಾರಿಹೋಗಲ್ಲ, ಬಿಡು ಅಂತ ಅಳ್ತಾಳಂತೆ. ನನಗೆ ಎಚ್ಚರವೇ ಆಗಲ್ಲ. ನೀನೇ ಅನ್ನು ಬೆನೆಡಿಕ್ಟಾ. ಬಂತು ಅನ್ನು."

ಅವಳು ಅನ್ನಲಿಲ್ಲ. ಮಾತಿನ ಭರದಲ್ಲಿ ಇಬ್ಬರ ಹಿಡಿತವೂ ಸಡಿಲಾಗಿ ಸಾಕಮ್ಮ ಗೇಣು ಮೇಲೆ ಹೋದಳು. ಇಬ್ಬರೂ ಹೌಹಾರಿ ಎಳೆದೆವು. ಅವಳ ಕೈಗಳು ಬೆವರಿಗೆ ನುಣುಪಾಗಿದ್ದವು. ನಾನು ಬೆರಳಿಗೆ ಬೆರಳು ಹೆಣೆದು ಹಿಡಿದೆ, ಆ ಕಡೆ ಬೆನೆಡಿಕ್ಟಾ ಮಣಿಕಟ್ಟನ್ನು ಕಚ್ಚಿ ಹಿಡಿದಳು. ಹೊರಗೆ ಮಗು ಅಳತೊಡಗಿತು. ಸಾಕಮ್ಮನ ಮೈ ಮತ್ತೆ ಮೇಲಕ್ಕೆ ತುಯ್ಯಿತು. ಅಷ್ಟು ಜೋರಾಗಿ ಎಳೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಬಾವಿಯಿಂದ ಕೊಡ ಸೇದುವಾಗ ಹಗ್ಗ ಕೆಳಗೆ ಎಳೆಯುವ ಹಾಗೆ, ಆದರೆ ಮೇಲಕ್ಕೆ. ನನ್ನ ಹೆಗಲಿನ ಸಂದು ಬಿಡುತ್ತದೆ ಅನ್ನಿಸಿತು.

"ಅಳು ನಿಲ್ಲಿಸ್ರೀ ಮಗೂದು," ಎಂದು ಬೆನೆಡಿಕ್ಟಾ ಜಗಲಿಯ ಕಡೆ ಕೂಗಿದಳು. ಅತ್ತೆ ಏನೋ ಜೋಗುಳದ ಹಾಗೆ ಗುನುಗಿದ್ದು ಕೇಳಿತು. ಅಳು ನಿಂತಿತು. ಬಸ್ಸಿನ ಹಾರನ್ನು ಒಮ್ಮೆ ಕೂಗಿತು. ಇಬ್ಬರೂ ಕದಲಲಿಲ್ಲ.

ಹಾಗೆ ಎಷ್ಟು ಹೊತ್ತು ಕೂತೆವೋ. ಅವಳು ನನ್ನ ಕೈ ನೋಡುತ್ತಿದ್ದಳು, ನಾನು ಅವಳ ಕೈ ನೋಡುತ್ತಿದ್ದೆ. ಒಂದು ಬೆರಳು ಸಡಿಲಿದರೂ ಗೊತ್ತಾಗಬೇಕು. ಇಷ್ಟು ಗಮನ ಕೊಟ್ಟು ನಾವು ಯಾವ ರೋಗಿಯನ್ನೂ ಹಿಡಿದವರಲ್ಲ. ನಾಚಿಕೆಯ ವಿಷಯವೆಂದರೆ, ನಮ್ಮ ಗಮನವೆಲ್ಲ ರೋಗಿಯ ಮೇಲಿರಲಿಲ್ಲ, ಒಬ್ಬರ ಮೇಲೊಬ್ಬರಿಗಿತ್ತು. ಪಕ್ಕದ ಮಂಚದ ಮೇಲೆ ಖಾಸಿಮಣ್ಣ ಮುಖ ಆ ಕಡೆ ತಿರುಗಿಸಿಕೊಂಡು ತನ್ನ ಹಗ್ಗ ಹೊಲಿಯುತ್ತಿದ್ದ. ಎಲ್ಲವೂ ಕೇಳಿಸಿದೆ ಎಂಬುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಕಣ್ಣು ಮುಚ್ಚಿದ್ದ ಸಾಕಮ್ಮ ಮಾತಾಡಿದಳು. "ಅವ್ವಾ, ನಿಮ್ಮ ಜಗಳದಾಗೆ ನನ್ನ ಎರಡು ರಟ್ಟೇನೂ ಕಿತ್ತುಬತ್ತವೆ."

ನಮ್ಮಿಬ್ಬರ ಮುಖವೂ ಕಪ್ಪಿಟ್ಟಿತು. ಇವಳಿಗೆ ಎಚ್ಚರವಿತ್ತು. ಇವಳನ್ನು ಯಾರ ತಲೆಗೆ ಕಟ್ಟುವುದೆಂದು ಇವಳ ಮೈಮೇಲೆಯೇ ನಾವು ಜಗಳವಾಡಿದ್ದನ್ನೆಲ್ಲ ಇವಳು ಕೇಳಿದ್ದಳು.

"ತಪ್ಪು ತಿಳ್ಕೊಬೇಡ ಸಾಕಮ್ಮ," ಅಂದೆ. ತಪ್ಪು ತಿಳಿಯದೆ ಇನ್ನೇನು ತಿಳಿಯಬೇಕಿತ್ತೋ ಅವಳು.

"ನಾ ಏನೂ ತಿಳ್ಕೊಂಡಿಲ್ಲ. ಬೆನ್ನಿಗೆ ಏನೋ ಚುಚ್ತಾ ಅದೆ, ಅದನ್ನ ನೋಡಿ ಮೊದ್ಲು."

"ಬೆನ್ನಿಗೆ ಏನು ಚುಚ್ಚುತ್ತೆ? ಗಾಳಿ ಚುಚ್ಚುತ್ತಾ?" ಅಂದಳು ಬೆನೆಡಿಕ್ಟಾ.

"ನಾರು ಕಣವ್ವ. ಹಾಸಿಗೆ ನಾರು."

ನಾನು ಬಗ್ಗಿ ನೋಡಿದೆ. ಹರಿದ ಹಾಸಿಗೆಯಿಂದ ಹೊರಗೆ ಬಂದಿದ್ದ ತೆಂಗಿನ ನಾರು ಅವಳ ರವಿಕೆಗೆ ತಾಗಿ ಬಗ್ಗಿತ್ತು. ಹಾಸು ಅವಳ ಬೆನ್ನಿನ ಕೆಳಗೆ ಸುಕ್ಕುಗಟ್ಟಿತ್ತು. ನನ್ನ ತೋಳು ಆ ಕ್ಷಣದವರೆಗೆ ಮೇಲಕ್ಕೆ ಬಿಗಿದುಕೊಂಡೇ ಇತ್ತು, ಆದರೆ ಅದನ್ನು ಎಳೆಯುವವರು ಯಾರೂ ಇರಲಿಲ್ಲ. ಬೆನೆಡಿಕ್ಟಾ ಹಾಸಿಗೆಯ ಮೇಲೆ ಅಂಗೈಯಿಟ್ಟು ಸಾಕಮ್ಮನ ಸೊಂಟದ ಕೆಳಗೆ ತೂರಿಸಲು ನೋಡಿದಳು. ತೂರಲಿಲ್ಲ. ನಾನು ಸೇರಿದಾಗಿನಿಂದ ಆ ಆಸ್ಪತ್ರೆಯಲ್ಲಿ ರೋಗಿ ಹೀಗೆ ಒಂದೇ ಮಧ್ಯಾಹ್ನದಲ್ಲಿ ಹಾಸಿಗೆಗೆ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಅಜ್ಜಿಕಥೆ ಎಂದು ನಕ್ಕಿದ್ದೆವಲ್ಲ, ಆ ಕಡೆ ಒಬ್ಬಳು ಈ ಕಡೆ ಒಬ್ಬಳು, ಅದು ನೆನಪಾಯಿತು.

ಬಿಡಲು ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ. ಹೇಳಬೇಕಾದ ಮಾತು ಒಂದೇ, ಆದರೆ ಯಾರಿಗೆ ಹೇಳುವುದು? ಕೊನೆಗೆ ಬೆನೆಡಿಕ್ಟಾ ಸಾಕಮ್ಮನಿಗೇ ಕೇಳಿದಳು.

"ಬಂತಾ?"

ಸಾಕಮ್ಮ ಸ್ವಲ್ಪ ಹೊತ್ತು ಯೋಚಿಸಿದಳು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವವಳ ಹಾಗೆ. "ಬಂತು," ಅಂದಳು. "ನಾ ತೂಕದಾಗೆ ಮೋಸ ಮಾಡೋಳಲ್ಲ."

ಬಿಟ್ಟೆವು. ಅವಳು ಇದ್ದಲ್ಲೇ ಇದ್ದಳು. ನಾನು ಅತ್ತೆಯನ್ನು ಒಳಗೆ ಕರೆದೆ. ಮಗುವನ್ನು ಎದೆಯ ಮೇಲಿಟ್ಟಾಗ ಸಾಕಮ್ಮ ಹಾಸಿಗೆಯಲ್ಲಿ ಇನ್ನಷ್ಟು ಕುಸಿದಳು. ಅತ್ತೆ ನಮ್ಮಿಬ್ಬರ ಕಾಲಿಗೆ ಬೀಳಲು ಬಂದಳು. ಅವಳು ಬಗ್ಗಿದಾಗ ನಮ್ಮ ಚಪ್ಪಲಿ ಕಂಡೀತೆಂದು ಇಬ್ಬರೂ ಹಿಂದೆ ಸರಿದೆವು.

ಅಷ್ಟರಲ್ಲಿ ಗಲಾಟೆ ಕೇಳಿ ದೊಡ್ಡ ಡಾಕ್ಟರು ಬಂದರು. ಮಂಚದ ಮೇಲೆ ಭಾರವಾಗಿ ಮಲಗಿದ ಸಾಕಮ್ಮನನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು. ಅವರ ಮುಖ ಅರಳಿತು. ನಾನು ಹೇಳಲು ಬಾಯಿ ತೆರೆದೆ. ಸಾರ್, ರೋಗಿಗೆ ಇಬ್ಬರು ಕೂತರೆ ಹೀಗಾಗುತ್ತೆ, ಅಂತ. ಅವರೇ ಮೊದಲು ಮಾತಾಡಿದರು.

"ನೋಡಿದ್ರಾ? ಮನಸ್ಸು ಮಾಡಿದರೆ ಇಬ್ಬರೇ ಸಾಕು. ನರ್ಸು ಸಾಲದು, ಸಾಲದು ಅಂತ ಎಲ್ಲರೂ ನನ್ನ ತಲೆ ತಿಂತಿದ್ದರು. ಇಡೀ ಆಸ್ಪತ್ರೆ ಇಬ್ಬರಲ್ಲೇ ನಡೆಯುತ್ತೆ ಅಂತ ಇವತ್ತೇ ಮೇಲಿನವರಿಗೆ ತಿಳಿಸ್ತೀನಿ."

"ಸಾರ್, ಒಬ್ಬಳಿಗೆ ಇಬ್ಬರು," ಅಂದಳು ಬೆನೆಡಿಕ್ಟಾ.

"ಅದೇ ನಾನೂ ಹೇಳಿದ್ದು. ಇಬ್ಬರು," ಎಂದು ಹೇಳಿ, ಸಂತೋಷದಲ್ಲಿ ಅವಳ ಹೆಗಲು ತಟ್ಟಿ ಹೊರಟುಹೋದರು. ಅವರ ಬೂಟಿನ ಸದ್ದು ಜಗಲಿಯ ಕೊನೆ ಮುಟ್ಟಿತು. ಎಷ್ಟೋ ತಿಂಗಳ ಮೇಲೆ ಇಬ್ಬರ ಕೈಗಳೂ ಒಟ್ಟಿಗೆ ಖಾಲಿ ಇದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಸೆರಗು ಸರಿಮಾಡಿಕೊಂಡೆ. ಹೋಗಲು ಈಗ ಅಡ್ಡಿಯಿರಲಿಲ್ಲ. ಯಾರೂ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ಬಸ್ಸಿನ ಹಾರನ್ನು ಇನ್ನೊಮ್ಮೆ ಕೂಗಿತು. ಡ್ರೈವರಿನ ಚಹಾ ಮುಗಿದಿತ್ತು.

ನಾನು ಬಚ್ಚಲಿನ ಕಡೆ ತಿರುಗಿದ್ದೆ, ಅದು ನಿಜ. ಒಂದು ಹೆಜ್ಜೆ ಇಟ್ಟೂ ಇದ್ದೆ. ಪಕ್ಕದಲ್ಲಿ ಪಟ್ ಎಂದು ಸದ್ದಾಯಿತು. ಖಾಸಿಮಣ್ಣನ ದಾರ ಹರಿದಿತ್ತು. ನಮ್ಮ ಜಗಳ ಕೇಳುತ್ತ ಕೇಳುತ್ತ ಅವನು ಹೊಲಿಗೆಯನ್ನು ಗಂಟು ಹಾಕದೆ ಬಿಟ್ಟಿದ್ದನೋ ಏನೋ. ಹೊಲಿಗೆ ಬಿಟ್ಟ ಕಡೆ ಹಗ್ಗ ತುಂಡಾಗಿ, ಅದರ ತುದಿ ಅವನ ಜೊತೆಗೇ ಮೇಲೆದ್ದಿತು. ಅವನು ಕೂಗಲೂ ಇಲ್ಲ. ಸೂಜಿ ಹಿಡಿದ ಕೈಯನ್ನು ಒಂದಿಷ್ಟು ಮುಂದೆ ಚಾಚಿದ, ಕೇಳಲು ಸಂಕೋಚಪಡುವವನ ಹಾಗೆ. ನಾನು ಮಂಚ ಹತ್ತಿ ಅವನ ಪಾದ ಹಿಡಿದೆ, ಪಾದದಿಂದ ಮೊಣಕಾಲು, ಮೊಣಕಾಲಿನಿಂದ ಕೈ. ಸೂಜಿ ನನ್ನ ಅಂಗೈಗೆ ನಾಟಿತು. ಅವನನ್ನು ಎದೆಮಟ್ಟಕ್ಕೆ ಎಳೆದು ತಂದು ಕೂತ ಮೇಲೆಯೇ ನನಗೆ ನಾನು ಏನು ಮಾಡಿಕೊಂಡೆ ಎಂಬುದು ಹೊಳೆದದ್ದು.

ಬೆನೆಡಿಕ್ಟಾ ಅಲ್ಲೇ ನಿಂತು ನೋಡುತ್ತಿದ್ದಳು. ನಾನು "ಬಂತಾ?" ಅನ್ನಲಿಲ್ಲ. ಅವಳನ್ನು ಕೇಳುವ ಮುಖ ನನಗಿರಲಿಲ್ಲ. ಅವಳು ಹಾಸಿನ ಗಂಟಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಮುಖ ತೊಳ್ಕೊಂಡು ಬರ್ತೀನಿ," ಅಂದಳು.

"ಹೂಂ," ಅಂದೆ.

ಬಚ್ಚಲಿನ ಬಾಗಿಲು ಮುಚ್ಚಿತು. ಹಿಂಬಾಗಿಲ ಅಗಳಿ ತೆಗೆದ ಸದ್ದು ಕೇಳಿತು. ಖಾಸಿಮಣ್ಣ ನನ್ನ ಮುಖ ನೋಡದೆ, "ನನ್ನಿಂದಾಗಿ ನಿಮಗೆ ತೊಂದರೆ ಆಯ್ತು ಸಿಸ್ಟರ್," ಅಂದ. ಮಾತಾಡಬೇಡ ಅಂದೆ. ಅತ್ತುಬಿಡುತ್ತೇನೆ ಎಂಬ ಭಯವಿತ್ತು. ಗುಡ್ಡದಾಚೆ ತಂಗಿಯ ಮನೆಯ ಬಾಗಿಲಲ್ಲಿ ನನ್ನ ಮಗಳು ದಾರಿ ನೋಡುತ್ತ ನಿಂತಿರುತ್ತಾಳೆ. ಬಸ್ಸಿನಿಂದ ಬೆನೆಡಿಕ್ಟಾ ಇಳಿಯುತ್ತಾಳೆ, ಮಗಳು ಕಾಯುವ ಅಮ್ಮ ಇಳಿಯುವುದಿಲ್ಲ. ಬೆನೆಡಿಕ್ಟಾಳನ್ನು ಬಯ್ದುಕೊಳ್ಳಲು ನೋಡಿದೆ, ಆಗಲಿಲ್ಲ. ಜಗಲಿಯಲ್ಲಿ ಅವಳಿಗೆ ಏಟು ಬಿದ್ದ ದಿನ ನಾನು ಬಾಯಿಬಿಟ್ಟಿರಲಿಲ್ಲ, ಇವತ್ತು ಯಾವ ಬಾಯಲ್ಲಿ ಬಯ್ಯುವುದು? ಬಸ್ಸು ಗುರುಗುಟ್ಟಿತು, ತಿರುವಿನಲ್ಲಿ ಇನ್ನೊಮ್ಮೆ ಹಾರನ್ನು ಹೊಡೆಯಿತು, ಆಮೇಲೆ ಸದ್ದು ಗುಡ್ಡ ಹತ್ತುತ್ತಾ ಸಣ್ಣದಾಯಿತು. ಖಾಸಿಮಣ್ಣ ನನ್ನ ಕೈಯನ್ನು ಮೇಲಕ್ಕೆ ಎಳೆಯುತ್ತಲೇ ಇದ್ದ, ಪಾಪ, ಅವನೇನು ಮಾಡಿಯಾನು. ಒಂದು ಕೈ ತಡೆಯುತ್ತದೆ ಅಷ್ಟೇ.

ಬಚ್ಚಲಿನ ಬಾಗಿಲು ತೆರೆಯಿತು. ಬೆನೆಡಿಕ್ಟಾ ಬರಿಗಾಲಲ್ಲಿ ಬಂದು ಮಂಚದ ಆ ಕಡೆ ಕೂತಳು. ಖಾಸಿಮಣ್ಣನ ಇನ್ನೊಂದು ಕೈಯೊಳಗೆ ತನ್ನ ಅಂಗೈ ತೂರಿಸಿದಳು. ನಾನು ಕೇಳುವ ಮೊದಲೇ, "ಬಂತು," ಅಂದಳು. ಅವಳ ಮುಖವೆಲ್ಲ ಒದ್ದೆಯಾಗಿತ್ತು. ಗಲ್ಲದಿಂದ ನೀರು ಸೆರಗಿಗೆ ತೊಟ್ಟಿಕ್ಕುತ್ತಿತ್ತು.

ನಲ್ಲಿಯಲ್ಲಿ ನೀರು ಬಂತಾ ಎಂದು ನಾನು ಕೇಳಲಿಲ್ಲ.